9 ಕಿಲೋಮೀಟರ್, 38 ನಿಮಿಷ

ಮೊದಲು ಶಬ್ದ ಕೇಳುತ್ತದೆ, ಆಮೇಲೆ ಅಂಗಡಿ ಕಾಣುತ್ತದೆ. ಬೆಳಿಗ್ಗೆ ಏಳು ಇಪ್ಪತ್ತರ ಹೊತ್ತಿಗೆ ನಾನು ಮೂರನೆಯ ತಿರುವಿಗೆ ಬರುವಾಗ ಒಬ್ಬ ಹಿರಿಯರು ತಮ್ಮ ಅಂಗಡಿಯ ಕಬ್ಬಿಣದ ಷಟರನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ತಳ್ಳುತ್ತಿರುತ್ತಾರೆ. ಅದು ಅರ್ಧಕ್ಕೆ ಬಂದು ಒಮ್ಮೆ ನಿಲ್ಲುತ್ತದೆ. ಅವರು ಉಸಿರು ತೆಗೆದುಕೊಂಡು ಉಳಿದರ್ಧವನ್ನು ತಳ್ಳುತ್ತಾರೆ. ಆರು ವರ್ಷಗಳಲ್ಲಿ ಅವರೊಡನೆ ಒಂದು ಮಾತನ್ನೂ ಆಡಿಲ್ಲ. ಆದರೆ ನಡುವಿನ ಆ ವಿರಾಮ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿರುವುದು ನನಗೆ ಗೊತ್ತು. ಬಸ್ಸಿನಲ್ಲೇ ಓಡಾಡಿಕೊಂಡಿದ್ದರೆ ಗೊತ್ತಾಗುತ್ತಿರಲಿಲ್ಲ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆಯಿಂದ ಶಾಲೆಗೆ 9 ಕಿಲೋಮೀಟರ್. ಚಿಕ್ಕವಳಿದ್ದಾಗ ದೊಡ್ಡವರ ಸೈಕಲಿನಲ್ಲಿ ಒಳಪೆಡಲು ತುಳಿದು ಕಲಿತಿದ್ದೆ. ಆಮೇಲೆ ಮೂವತ್ತು ವರ್ಷ ಸೈಕಲ್ ಮುಟ್ಟಿರಲಿಲ್ಲ. ನಲವತ್ತೊಂದನೆಯ ವಯಸ್ಸಿನಲ್ಲಿ ಮತ್ತೆ ಹತ್ತಿದಾಗ ನನಗಿದ್ದ ಉದ್ದೇಶ ವ್ಯಾಯಾಮ, ಅಷ್ಟೇ. ದಾರಿಯಲ್ಲಿ ಏನೇನು ಕಾಣುತ್ತದೆ, ಕಂಡದ್ದರ ಹಿಂದೆ ಮನಸ್ಸು ಎಲ್ಲೆಲ್ಲಿ ಅಲೆಯುತ್ತದೆ ಎನ್ನುವುದು ನನ್ನ ದಿನದ ಅತ್ಯಂತ ಮುಖ್ಯ ಭಾಗವಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ. ಆ ಅಲೆದಾಟಕ್ಕೆ ಜಾಗ ಮಾಡಿಕೊಡಲು ನಾನು ಕಲಿಯಬೇಕಾಯಿತು. ಒಮ್ಮೆ ಕೈ ಮುರಿದುಕೊಂಡೂ ಕಲಿತೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ತಿಂಗಳುಗಳಲ್ಲಿ ವೇಗದ ಹುಚ್ಚು ಹಿಡಿದಿತ್ತು. ಮೊಬೈಲಿನಲ್ಲಿ ಅಳೆಯುವ ಆ್ಯಪ್ ಹಾಕಿಕೊಂಡು, 38 ನಿಮಿಷದ ದಾರಿಯನ್ನು 27 ನಿಮಿಷಕ್ಕೆ ಇಳಿಸಿದೆ. ಎಂದರೆ ಗಂಟೆಗೆ 14 ಕಿಲೋಮೀಟರ್ ಇದ್ದದ್ದು 20 ಆಯಿತು. ಸಂತೋಷವೇನೋ ಆಯಿತು. ಒಂದು ಭಾನುವಾರ ಸುಮ್ಮನೆ ಕೂತು, ಈ ತಿಂಗಳು ದಾರಿಯಲ್ಲಿ ಏನು ನೋಡಿದೆ ಎಂದು ನೆನಪಿಸಿಕೊಳ್ಳಲು ಹೊರಟೆ. ಒಂದು ಮುಖವೂ ನೆನಪಾಗಲಿಲ್ಲ. ಮುಂದಿನ ಚಕ್ರದ ಎದುರಿನ ಹತ್ತು ಅಡಿ ಡಾಂಬರು, ಸಿಗ್ನಲ್ಲಿನ ಕೆಂಪು ದೀಪ, ಮತ್ತೆ ಡಾಂಬರು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅದನ್ನು ಸೀಳಿಕೊಂಡು ಹೋಗಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುವವಳು ನಾನು. 14ರಿಂದ 20ಕ್ಕೆ ಹೋದಾಗ ಗಾಳಿಯೊಂದಕ್ಕೇ ಹತ್ತಿರಹತ್ತಿರ ಮೂರು ಪಟ್ಟು ಸಾಮರ್ಥ್ಯ ಬೇಕಾಗುತ್ತದೆ. ಮೈಯೆಲ್ಲ ಗಾಳಿಯೊಡನೆ ಗುದ್ದಾಡುತ್ತಿರುವಾಗ ಮನಸ್ಸಿಗೆ ಉಳಿಯುವುದೇನು? ಹನ್ನೊಂದು ನಿಮಿಷ ಉಳಿಸಿದ್ದೆ. ಉಳಿದ ಇಪ್ಪತ್ತೇಳನ್ನು ಕಳೆದುಕೊಂಡಿದ್ದೆ. ಆ್ಯಪ್ ತೆಗೆದುಹಾಕಿದೆ.

ಅಂದಿನಿಂದ ನನ್ನ ವೇಗ 14ರ ಆಸುಪಾಸು. ಅದು ಮುಖ ಕಾಣುವ ವೇಗ, ಅಂಗಡಿಯ ಫಲಕವನ್ನು ಪೂರ್ತಿ ಓದಬಹುದಾದ ವೇಗ. ಸೈಕಲಿನ ಚರಿತ್ರೆ ಓದುವಾಗ ಒಂದು ಸಂಗತಿ ಸಿಕ್ಕಿತು. 1817ರ ಜೂನ್ 12ರಂದು ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಎರಡು ಚಕ್ರದ ಮರದ ಗಾಡಿಯನ್ನು ಮೊದಲ ಬಾರಿಗೆ ಊರಿನ ದಾರಿಯಲ್ಲಿ ಓಡಿಸಿದ. ಅದಕ್ಕೆ ಪೆಡಲೂ ಇರಲಿಲ್ಲ, ಚೈನೂ ಇರಲಿಲ್ಲ. ಅವನು ಕಾಲಿನಿಂದ ನೆಲವನ್ನು ಒದೆಯುತ್ತಾ ಸುಮಾರು 13 ಕಿಲೋಮೀಟರನ್ನು ಒಂದು ಗಂಟೆಯೊಳಗೆ ಮುಗಿಸಿದನಂತೆ. ಇನ್ನೂರು ವರ್ಷ ದಾಟಿದ ಮೇಲೆ, ಉಬ್ಬಿದ ಟೈರು, ಬಾಲ್ ಬೇರಿಂಗು, ಗೇರು ಎಲ್ಲ ಇದ್ದೂ ನಾನು ಅವನ ವೇಗದಲ್ಲೇ ಹೋಗುತ್ತಿದ್ದೇನೆ. ನನಗೆ ಇದರಿಂದ ಒಂದು ಬಗೆಯ ನೆಮ್ಮದಿಯಾಗುತ್ತದೆ.

ನಡೆಯುವಾಗಲೂ ಯೋಚನೆ ಬರುತ್ತದಲ್ಲ ಎಂದು ಗೆಳತಿಯೊಬ್ಬಳು ಕೇಳಿದಳು. ಬರುತ್ತದೆ. ಆದರೆ ನಡಿಗೆಯಲ್ಲಿ ನನ್ನ ಯೋಚನೆ ಒಂದೇ ಕಡೆ ಸುತ್ತು ಹೊಡೆಯುತ್ತದೆ. ಮನೆಯ ಗೇಟು ದಾಟುವಾಗ ಹತ್ತಿದ ಚಿಂತೆ ಅರ್ಧ ಗಂಟೆ ಬಿಟ್ಟರೂ ಅಲ್ಲೇ ಇರುತ್ತದೆ. ಬಸ್ಸಿನಲ್ಲಿ ಕೈಗೂ ಕಾಲಿಗೂ ಕೆಲಸವಿಲ್ಲ. ಅಲ್ಲಿ ಯೋಚನೆ ಎಂಬುದು ತೂಕಡಿಕೆಗೆ ಇನ್ನೊಂದು ಹೆಸರು. ಸೈಕಲಿನಲ್ಲಿ ಮೈಗೆ ಬೇಕಾದಷ್ಟೇ ಕೆಲಸವಿದೆ. ಕಾಲು ತುಳಿಯುತ್ತದೆ, ಕೈ ಹ್ಯಾಂಡಲನ್ನು ಕೂದಲೆಳೆಯಷ್ಟು ಆಚೀಚೆ ತಿದ್ದುತ್ತಿರುತ್ತದೆ, ಅದರ ಮೇಲೆ ಪ್ರತಿ ನಿಮಿಷವೂ ಹೊಸದೊಂದು ಕಣ್ಣಿಗೆ ಬೀಳುತ್ತದೆ. 2001ರಲ್ಲಿ ಅಮೆರಿಕದ ನರವಿಜ್ಞಾನಿ ಮಾರ್ಕಸ್ ರೈಕಲ್ ಮತ್ತು ಸಂಗಡಿಗರು ಒಂದು ಪ್ರಬಂಧ ಪ್ರಕಟಿಸಿದರು. ಗಮನವಿಟ್ಟು ಒಂದು ಕೆಲಸ ಮಾಡುವಾಗ ತಣ್ಣಗಾಗಿ, ಸುಮ್ಮನಿದ್ದಾಗಲೇ ಹೆಚ್ಚು ಚುರುಕಾಗುವ ಭಾಗಗಳು ಮಿದುಳಿನಲ್ಲಿವೆ ಎಂಬುದು ಅದರ ತಿರುಳು. ಅದನ್ನು ಓದಿದ ಮೇಲೆ 'ಸುಮ್ಮನೆ ಏನನ್ನೋ ಯೋಚಿಸುತ್ತಿದ್ದೆ' ಎಂದು ಹೇಳಲು ನನಗೆ ಸಂಕೋಚವಾಗುವುದಿಲ್ಲ.

ಈಗ ಕೈ ಮುರಿದುಕೊಂಡ ಕಥೆ. ಸೈಕಲ್ ಹತ್ತಿದ ಎರಡನೆಯ ವರ್ಷ. ಅಂದು ಬೆಳಿಗ್ಗೆ ಮಗಳಿಗೆ ಒಂದು ಕಟುವಾದ ಮಾತು ಹೇಳಿ ಹೊರಟಿದ್ದೆ. ಓದಿನ ವಿಷಯವೇ. ದಾರಿಯುದ್ದಕ್ಕೂ ಆ ಮಾತಿನ ಬದಲು ಏನು ಹೇಳಬೇಕಿತ್ತು ಎಂದು ವಾಕ್ಯ ಕಟ್ಟುತ್ತಿದ್ದೆ. ಸರಿಯಾದ ವಾಕ್ಯ ಸಿಗುವುದರಲ್ಲಿತ್ತು. ಸಾಲಾಗಿ ನಿಂತಿದ್ದ ಕಾರುಗಳಲ್ಲಿ ಒಂದರ ಬಾಗಿಲು ಫಕ್ಕನೆ ತೆರೆಯಿತು. ಬ್ರೇಕಿಗೆ ಬೆರಳು ತಲುಪುವ ಮುಂಚೆಯೇ ನಾನು ನೆಲದ ಮೇಲಿದ್ದೆ. ಎಡಗೈ ಮಣಿಕಟ್ಟಿನ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರ್. ಬಾಗಿಲು ತೆರೆದವರು ಹೆದರಿ ನಡುಗುತ್ತಿದ್ದರು, ಪಾಪ. ತಪ್ಪು ಅವರದೇ. ಆದರೆ ಬಾಗಿಲಿಗೆ ಅಷ್ಟು ಹತ್ತಿರ ಹೋದವಳು ನಾನು.

ಪ್ಲಾಸ್ಟರ್ ಹಾಕಿಕೊಂಡು ಮನೆಯಲ್ಲಿದ್ದಾಗ ಲೆಕ್ಕ ಹಾಕಿದೆ. ಗಂಟೆಗೆ 14 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 4 ಮೀಟರ್. ಮನಸ್ಸು ಎಲ್ಲೋ ಹೋಗಿ ಒಂದು ಸೆಕೆಂಡ್ ತಡವಾಗಿ ವಾಪಸಾದರೆ, ಆ 4 ಮೀಟರ್ ನಾನು ಕಣ್ಣು ಮುಚ್ಚಿಕೊಂಡು ಹೋದಂತೆ. ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ 2 ಮೀಟರ್ ಬೇಕು. ಒಟ್ಟು 6 ಮೀಟರ್. ಈ 6 ಮೀಟರನ್ನು ನಾನು ಎಲ್ಲಿ ಖರ್ಚು ಮಾಡಬಲ್ಲೆ, ಎಲ್ಲಿ ಮಾಡಲಾರೆ? ಆಗ ನನಗೆ ಮೂಡಿದ ಪ್ರಶ್ನೆ ಇದು. ಸೈಕಲ್ ಬಿಡಬೇಕು ಎಂಬ ಯೋಚನೆ ಮನೆಯವರೆಲ್ಲರಿಗೂ ಬಂತು, ನನಗೆ ಬರಲಿಲ್ಲ.

ದಾರಿಯನ್ನು ಎರಡಾಗಿ ವಿಂಗಡಿಸಿದೆ. ದನ ಮೇಯಿಸುವವರು ಬಯಲಿನಲ್ಲಿ ಹಗ್ಗ ಬಿಚ್ಚಿ ಬಿಡುತ್ತಾರೆ, ಬೆಳೆಯ ಅಂಚಿಗೆ ಬಂದಾಗ ಹಗ್ಗ ಹಿಡಿದುಕೊಳ್ಳುತ್ತಾರೆ. ಹಾಗೆಯೇ ನನ್ನ ಒಂಬತ್ತು ಕಿಲೋಮೀಟರಿನಲ್ಲಿ ಮನಸ್ಸನ್ನು ಬಿಡುವ ಜಾಗಗಳಿವೆ, ಹಗ್ಗ ಹಿಡಿಯುವ ಜಾಗಗಳಿವೆ. ಉದ್ಯಾನದ ಪಕ್ಕದ ಅಗಲ ರಸ್ತೆ, ಕೆರೆಯ ದಂಡೆ, ಗೋಡೆಯುದ್ದಕ್ಕೂ ಮರಗಳಿರುವ ವಸತಿ ಬೀದಿ, ಇವು ಬಿಡುವ ಜಾಗಗಳು. ಕಾರು ನಿಲ್ಲಿಸಿರುವ ಬೀದಿ, ಬಸ್ ನಿಲ್ದಾಣ, ನಾಲ್ಕು ದಾರಿ ಸೇರುವ ಕೂಡುರಸ್ತೆ, ಶಾಲೆಯ ಹತ್ತಿರದ ಇಳಿಜಾರು, ಇಲ್ಲಿ ಹಗ್ಗ ಕೈಯಲ್ಲಿರಲೇಬೇಕು. ಇದಕ್ಕಾಗಿ ಹಳೆಯ ದಾರಿಯನ್ನೇ ಬದಲಿಸಿದೆ. ಮುಖ್ಯರಸ್ತೆ ತುಸು ಹತ್ತಿರವಾಗುತ್ತಿತ್ತು, ಆದರೆ ಅದರಲ್ಲಿ ಬಿಡುವ ಜಾಗವೇ ಇರಲಿಲ್ಲ.

ಹಗ್ಗ ಹಿಡಿಯುವುದು ಹೇಗೆ? 'ಗಮನವಿಡು' ಎಂದು ನನಗೆ ನಾನೇ ಹೇಳಿಕೊಂಡರೆ ಆಗುವುದಿಲ್ಲ. ಎರಡು ನಿಮಿಷದಲ್ಲಿ ಆ ಮಾತೇ ಮರೆತುಹೋಗುತ್ತದೆ. ನಾನು ಕಂಡದ್ದನ್ನು ಸಣ್ಣ ದನಿಯಲ್ಲಿ ಹೆಸರಿಸುತ್ತೇನೆ. ನಿಂತ ಕಾರುಗಳ ಸಾಲಿನಲ್ಲಿ 'ಖಾಲಿ, ಖಾಲಿ, ತಲೆ ಇದೆ, ಖಾಲಿ'. ಕೂಡುರಸ್ತೆಯಲ್ಲಿ 'ಬಿಳಿ ವ್ಯಾನು ತಿರುಗುತ್ತದೆ, ಹುಡುಗ ನಿಂತಿದ್ದಾನೆ, ಬಸ್ಸು ಹೊರಡುತ್ತದೆ'. ಬಾಯಿ ಆಡುತ್ತಿದ್ದರೆ ಮನಸ್ಸು ಅದರ ಹಿಂದೆಯೇ ಬರಬೇಕು, ಬೇರೆ ದಾರಿಯಿಲ್ಲ. ಕಾರಿನ ಒಳಗೆ ತಲೆ ಕಾಣುತ್ತದೆಯೇ, ಪಕ್ಕದ ಕನ್ನಡಿಯಲ್ಲಿ ಮುಖವಿದೆಯೇ, ಬ್ರೇಕ್ ದೀಪ ಈಗಷ್ಟೇ ಆರಿತೇ, ಮುಂದಿನ ಚಕ್ರ ರಸ್ತೆಯ ಕಡೆಗೆ ಹೊರಳಿದೆಯೇ ಎಂದು ನೋಡುತ್ತೇನೆ. ಎಲ್ಲಕ್ಕಿಂತ ಮೊದಲು, ಪೂರ್ತಿ ತೆರೆದ ಬಾಗಿಲೂ ನನ್ನನ್ನು ಮುಟ್ಟದಷ್ಟು ದೂರದಲ್ಲಿ ಹೋಗುತ್ತೇನೆ, ಒಂದು ಮೀಟರಿಗಿಂತ ಹೆಚ್ಚೇ. ಹಿಂದಿನ ವಾಹನದವರು ಹಾರ್ನ್ ಹೊಡೆಯುತ್ತಾರೆ. ಹೊಡೆಯಲಿ.

ತರಗತಿಯಲ್ಲಿ ಮಕ್ಕಳಿಗೆ ಇನ್ನೊಂದು ಕಲಿಸಿದೆ. ನೆದರ್ಲೆಂಡ್ಸಿನಲ್ಲಿ ಕಾರಿನ ಬಾಗಿಲನ್ನು ಅದರ ಪಕ್ಕದ ಕೈಯಿಂದ ತೆರೆಯಬೇಡಿ, ದೂರದ ಕೈಯಿಂದ ತೆರೆಯಿರಿ ಎಂದು ಹೇಳಿಕೊಡುತ್ತಾರೆ. ದೂರದ ಕೈ ಚಾಚಿದರೆ ಭುಜ ತಿರುಗುತ್ತದೆ, ಭುಜದೊಡನೆ ಕತ್ತು ತಿರುಗುತ್ತದೆ, ಕಣ್ಣು ತಾನಾಗಿಯೇ ಹಿಂದಿನ ರಸ್ತೆಯನ್ನು ನೋಡುತ್ತದೆ. ಇಷ್ಟು ಸಣ್ಣ ಅಭ್ಯಾಸ! ಇದು ಎಲ್ಲರಿಗೂ ಗೊತ್ತಿದ್ದರೆ ನನ್ನ ಮಣಿಕಟ್ಟು ಇವತ್ತು ಚಳಿಗಾಲದಲ್ಲಿ ನೋಯುತ್ತಿರಲಿಲ್ಲ.

ಕಿವಿಗೆ ಏನನ್ನೂ ಹಾಕಿಕೊಳ್ಳುವುದಿಲ್ಲ. ಅಪಾಯದ ಮಾತು ಹಾಗಿರಲಿ, ಸೈಕಲಿನ ಅರ್ಧ ಸುಖ ಕಿವಿಯದು. ತುಳಿಯುವುದು ನಿಲ್ಲಿಸಿದ ಕೂಡಲೇ ಹಿಂದಿನ ಚಕ್ರದ ಫ್ರೀವೀಲ್ 'ಟಿಕ್ ಟಿಕ್' ಎನ್ನುತ್ತದೆ. ಒಳಗೆ ಸ್ಪ್ರಿಂಗಿನ ಬಲದಿಂದ ನಿಂತ ಸಣ್ಣ ನಾಲಿಗೆಗಳು ಹಲ್ಲಿನಿಂದ ಹಲ್ಲಿಗೆ ಜಾರುವ ಶಬ್ದ ಅದು. ಇಳಿಜಾರಿನಲ್ಲಿ ಟಿಕ್ಕುಗಳು ಸೇರಿ ಒಂದೇ ಎಳೆಯಾಗುತ್ತವೆ. ನನಗೆ ಒಳ್ಳೆಯ ಯೋಚನೆಗಳು ಹೆಚ್ಚಾಗಿ ಬಂದಿರುವುದು ಈ ಶಬ್ದ ಕೇಳುವಾಗಲೇ, ಕಾಲಿಗೂ ಬಿಡುವಿದ್ದಾಗ. ಗೊಣಗುವ ಸೈಕಲ್ ಮಾತ್ರ ಮನಸ್ಸನ್ನು ಎಲ್ಲಿಗೂ ಹೋಗಲು ಬಿಡುವುದಿಲ್ಲ. ಚೈನು ಒಣಗಿ ಕಿರುಗುಟ್ಟಿದರೆ ಒಂಬತ್ತು ಕಿಲೋಮೀಟರೂ ಅದೇ. ಆದ್ದರಿಂದ ಭಾನುವಾರ ಚೈನು ಒರೆಸಿ ಎಣ್ಣೆ ಬಿಡುತ್ತೇನೆ, ಟೈರಿನ ಬದಿಯಲ್ಲಿ ಅಚ್ಚಾಗಿರುವ ಮಿತಿಯೊಳಗೆ ಗಾಳಿ ತುಂಬುತ್ತೇನೆ. ಪೆಡಲ್ ಅತ್ಯಂತ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗುವಷ್ಟು ಸೀಟು ಎತ್ತರವಿರಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತುಸುವೇ ಬಾಗಿರುತ್ತದೆ, ನೋಯುವುದಿಲ್ಲ.

ಪಂಪು ಹೊಡೆಯುವಾಗ ಪ್ರತಿ ಸಲವೂ ಜಾನ್ ಬಾಯ್ಡ್ ಡನ್ಲಪ್ ನೆನಪಾಗುತ್ತಾನೆ. ಅವನು ಪಶುವೈದ್ಯ. ಮಗನ ಮೂರು ಚಕ್ರದ ಸೈಕಲ್ ಗಟ್ಟಿ ಚಕ್ರಗಳಿಂದ ಕುಲುಕುತ್ತದೆಂದು ರಬ್ಬರಿನ ಕೊಳವೆಗೆ ಗಾಳಿ ತುಂಬಿ ಸುತ್ತಿದ. 1888ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅವನಿಗಿಂತ ನಾಲ್ಕು ದಶಕ ಮೊದಲೇ ರಾಬರ್ಟ್ ಥಾಮ್ಸನ್ ಎಂಬಾತ ಇದನ್ನೇ ಕಂಡುಹಿಡಿದಿದ್ದ. ಆಗ ಅದನ್ನು ಹಾಕಲು ಪೆಡಲಿನ ಸೈಕಲ್ ಇನ್ನೂ ಬಳಕೆಗೇ ಬಂದಿರಲಿಲ್ಲ. ನನಗೆ ಹಿಡಿಸುವುದು ಮಗನಿಗಾಗಿ ಎಂಬ ಮಾತು. ನನ್ನ ಮಗಳಿಗೆ ಹೇಳಬೇಕಾಗಿದ್ದ ಆ ವಾಕ್ಯವನ್ನು ಆಸ್ಪತ್ರೆಯ ಬೆಂಚಿನ ಮೇಲೆ ಹೇಳಿದೆ. ದಾರಿಯಲ್ಲಿ ಕಟ್ಟಿದ್ದಷ್ಟು ಚೆನ್ನಾಗಿ ಬರಲಿಲ್ಲ. 'ಅಮ್ಮಾ, ಈಗ ಅದೆಲ್ಲ ಬೇಡ, ಕೈ ಎತ್ತಿ ಹಿಡಿದುಕೋ' ಎಂದಳು.

ಅಲೆದಾಟದಿಂದ ಏನಾದರೂ ಸಿಕ್ಕಿದೆಯೇ ಎಂದು ಯಾರಾದರೂ ಕೇಳಿದರೆ ನಾನು ಒಂದು ಮಂಗಳವಾರದ ಕಥೆ ಹೇಳುತ್ತೇನೆ. ಅಂದು ವಸತಿ ಬೀದಿಯಲ್ಲಿ ರಸ್ತೆ ಗುಡಿಸುವವರ ಕೈಗಾಡಿ ಮುಂದೆ ಹೋಗುತ್ತಿತ್ತು. ಎದುರಿನಿಂದ ಲಾರಿ ಬರುತ್ತಿದ್ದುದರಿಂದ ದಾಟಲು ಜಾಗವಿರಲಿಲ್ಲ. ಕಾಲು ಊರಲು ಮನಸ್ಸಿಲ್ಲದೆ, ನಡಿಗೆಗಿಂತಲೂ ನಿಧಾನವಾಗಿ ಗಾಡಿಯ ಹಿಂದೆ ತೆವಳಿದೆ. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಆಗ ಹೊಳೆಯಿತು, ಚಕ್ರ ತಿರುಗುತ್ತಲೇ ಇಲ್ಲ ಎನ್ನುವಷ್ಟು ನಿಧಾನ, ಆದರೂ ನಾನು ಬೀಳುತ್ತಿಲ್ಲ!

ಇದರಲ್ಲಿ ವಿಶೇಷವೇನು ಎನ್ನಬಹುದು. ವಿಶೇಷವೆಂದರೆ, ಹತ್ತೊಂಬತ್ತು ವರ್ಷಗಳಿಂದ ನಾನು ಮಕ್ಕಳಿಗೆ ಹೇಳಿಕೊಟ್ಟದ್ದೇ ಬೇರೆ. ಸೈಕಲ್ ಚಕ್ರವೊಂದನ್ನು ಜೋರಾಗಿ ತಿರುಗಿಸಿ, ಅಚ್ಚನ್ನು ಎರಡೂ ಕೈಯಲ್ಲಿ ಹಿಡಿಯಲು ಹೇಳುತ್ತಿದ್ದೆ. ವಾಲಿಸಲು ಹೋದರೆ ಚಕ್ರ ಸೆಟೆದು ಹಟ ಮಾಡುತ್ತದೆ. 'ನೋಡಿ, ತಿರುಗುವ ಚಕ್ರದ ಈ ಹಟವೇ ಸೈಕಲನ್ನು ಎತ್ತಿ ಹಿಡಿಯುತ್ತದೆ' ಎನ್ನುತ್ತಿದ್ದೆ. ಮಕ್ಕಳ ಬೆರಗು ನೋಡಿ ನನಗೂ ಖುಷಿಯಾಗುತ್ತಿತ್ತು. ಆ ಮಂಗಳವಾರ ಹ್ಯಾಂಡಲನ್ನೇ ನೋಡುತ್ತಾ ಹೋದೆ. ಸೈಕಲ್ ಎಡಕ್ಕೆ ವಾಲಿದಾಗ ನನ್ನ ಕೈ ಹ್ಯಾಂಡಲನ್ನು ಎಡಕ್ಕೇ ತಿರುಗಿಸುತ್ತಿತ್ತು, ಬಲಕ್ಕೆ ವಾಲಿದಾಗ ಬಲಕ್ಕೆ. ಬೀಳುತ್ತಿರುವ ಕಡೆಗೇ ಚಕ್ರವನ್ನು ತಂದು ಮೈಭಾರದ ಕೆಳಗೆ ಇಡುತ್ತಿತ್ತು. ಅಂಗೈ ಮೇಲೆ ಕೋಲು ನಿಲ್ಲಿಸುವವನು ಕೋಲು ವಾಲಿದ ಕಡೆಗೆ ಅಂಗೈ ಒಯ್ಯುತ್ತಾನಲ್ಲ, ಅದೇ ಕೆಲಸ. ನನ್ನ ಕೈಗೆ ಮೂವತ್ತೈದು ವರ್ಷದಿಂದ ಗೊತ್ತಿದ್ದದ್ದು ನನ್ನ ಪಾಠಕ್ಕೆ ಗೊತ್ತಿರಲಿಲ್ಲ.

ಸಂಜೆ ಬಂದು ಹುಡುಕಿ ಓದಿದೆ. 1970ರಲ್ಲೇ ಡೇವಿಡ್ ಜೋನ್ಸ್ ಎಂಬ ಬ್ರಿಟಿಷ್ ರಸಾಯನ ವಿಜ್ಞಾನಿ ಇದನ್ನು ಪರೀಕ್ಷಿಸಿದ್ದ. ಸೈಕಲಿನ ಮುಂದಿನ ಚಕ್ರದ ಪಕ್ಕದಲ್ಲಿ ಉಲ್ಟಾ ತಿರುಗುವ ಇನ್ನೊಂದು ಚಕ್ರ ಕೂರಿಸಿ, ಒಂದರ ಹಟವನ್ನು ಇನ್ನೊಂದು ಅಳಿಸುವಂತೆ ಮಾಡಿದ್ದ. ಆ ಸೈಕಲನ್ನೂ ಅವನು ಸಲೀಸಾಗಿ ಓಡಿಸಿದ. ಇನ್ನೂ ಮುಂದೆ, 2011ರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್ ಮತ್ತು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು ಸೇರಿ ವಿಚಿತ್ರ ರೂಪದ ಪುಟ್ಟ ಗಾಡಿಯೊಂದನ್ನು ಕಟ್ಟಿದರು. ತಿರುಗುವ ಚಕ್ರದ ಪರಿಣಾಮವನ್ನೂ ಅಳಿಸಿದರು, ಮುಂದಿನ ಚಕ್ರ ಹ್ಯಾಂಡಲ್ ಅಚ್ಚಿನ ಗೆರೆಗಿಂತ ಹಿಂದೆ ನೆಲ ಮುಟ್ಟುವುದರಿಂದ ಸಿಗುವ ಅನುಕೂಲವನ್ನೂ ತೆಗೆದುಹಾಕಿದರು. ಸವಾರನಿಲ್ಲದೆ ತಳ್ಳಿ ಬಿಟ್ಟರೂ ಅದು ಬೀಳದೆ ಸಾಗಿತು. ತಿರುಗುವ ಚಕ್ರಕ್ಕೆ ಪಾಲೇ ಇಲ್ಲವೆಂದಲ್ಲ. ಆದರೆ ಅದೊಂದೇ ಕಾರಣ ಎಂದು ನಾನು ಅಷ್ಟು ವರ್ಷ ಹೇಳಿದ್ದು ತಪ್ಪು.

ಬುಧವಾರ ಒಂಬತ್ತನೆಯ ತರಗತಿಯಲ್ಲಿ ಮೊದಲ ಮಾತೇ ಇದು. ತಪ್ಪು ಹೇಳಿಕೊಟ್ಟಿದ್ದೆ ಎಂದು ಹೇಳಿ, ಕೋಲು ತಂದು ಅಂಗೈ ಮೇಲೆ ನಿಲ್ಲಿಸಲು ಎಲ್ಲರಿಗೂ ಕೊಟ್ಟೆ. ಪಾಠ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು ಕೇಳಿದ: 'ಹೋದ ವರ್ಷದವರಿಗೆ ಯಾರು ಹೇಳುತ್ತಾರೆ, ಮೇಡಂ?' ಮರುದಿನ ಹತ್ತನೆಯ ತರಗತಿಗೆ ಹೋಗಿ ಹೇಳಿದೆ. ಅದಕ್ಕೂ ಹಿಂದಿನವರು ಈಗ ಎಲ್ಲೆಲ್ಲಿದ್ದಾರೋ.

ಇಂಥ ಯೋಚನೆಗಳನ್ನು ಹಿಡಿದಿಡುವುದೂ ಒಂದು ಕೆಲಸ. ಮೊದಮೊದಲು ನಿಂತು ಮೊಬೈಲಿನಲ್ಲಿ ಬರೆಯುತ್ತಿದ್ದೆ. ಒಮ್ಮೆ ಮೊಬೈಲ್ ತೆಗೆದರೆ ಬಂದ ಯೋಚನೆ ಹೋಗಿ ಬೇರೆ ಹತ್ತು ಬರುತ್ತಿದ್ದವು. ಈಗ ನಿಲ್ಲುವುದಿಲ್ಲ. ಯೋಚನೆ ಬಂದ ಜಾಗದಲ್ಲಿ ಯಾವುದಾದರೂ ಒಂದು ವಸ್ತುವಿಗೆ ಅದನ್ನು ತೂಗುಹಾಕಿ ಹೋಗುತ್ತೇನೆ. ಹಸಿರು ಅಂಚೆ ಡಬ್ಬಿಗೆ ಒಂದು, ಮುರಿದ ಬೆಂಚಿಗೆ ಒಂದು. ಪ್ರಾಚೀನ ಗ್ರೀಸಿನ ಕವಿ ಸಿಮೊನಿಡೀಸ್ ಹೀಗೆ ಜಾಗಗಳ ಮೂಲಕ ನೆನಪಿಡುವ ವಿಧಾನ ಕಂಡುಕೊಂಡ ಎಂದು ರೋಮಿನ ಸಿಸೆರೊ ಬರೆದಿದ್ದಾನೆ. ಶಾಲೆಯ ಸೈಕಲ್ ಸ್ಟ್ಯಾಂಡಿನಲ್ಲಿ ಬೀಗ ಹಾಕಿದ ಮೇಲೆ, ಹೆಲ್ಮೆಟ್ ತೆಗೆಯುವ ಮುಂಚೆ, ಕಿರುಪುಸ್ತಕದಲ್ಲಿ ಮೂರು ಸಾಲು ಬರೆಯುತ್ತೇನೆ. ಹೆಲ್ಮೆಟ್ ತೆಗೆದರೆ ಮೇಷ್ಟರಾಗಿಬಿಡುತ್ತೇನೆ, ಆಮೇಲೆ ಏನೂ ನೆನಪಿರುವುದಿಲ್ಲ. ಬೆಳಿಗ್ಗೆ ಮರೆತದ್ದು ಸಂಜೆ ಅದೇ ಬೆಂಚಿನ ಹತ್ತಿರ ವಾಪಸ್ ಸಿಕ್ಕಿದ್ದೂ ಉಂಟು.

ಪುಸ್ತಕದ ಕೆಲವು ಸಾಲುಗಳು: 'ಹಾಳು ಕಟ್ಟಡದ ಗೋಡೆಯ ಬಿರುಕಿನ ಗಿಡ ಈಗ ಎರಡನೆಯ ಮಹಡಿಯ ಕಿಟಕಿ ಮುಟ್ಟಿದೆ. ಬೇರು ಎಲ್ಲಿ ನೀರು ಕುಡಿಯುತ್ತದೆ?' 'ಪತ್ರಿಕೆ ಹಾಕುವ ಹುಡುಗ ಇವತ್ತು ಒಂದು ಪತ್ರಿಕೆಯನ್ನು ತಾನೇ ಓದುತ್ತಾ ನಿಂತಿದ್ದ.' 'ಬಸ್ಸಿನ ಮಂಜುಗಟ್ಟಿದ ಕಿಟಕಿಯಲ್ಲಿ ಮಗುವೊಂದು ಬೆರಳಿನಿಂದ ಸೈಕಲ್ ಬರೆಯಿತು. ಸಿಗ್ನಲ್ ಬಿಟ್ಟಿತು, ಚಕ್ರ ಒಂದೇ ಆಗಿತ್ತು.' 'ಅಂಗಡಿಯ ಗಾಜಿನಲ್ಲಿ ನನ್ನ ಚಕ್ರ. ಕೆಳಗಿನ ಕಡ್ಡಿಗಳು ಕಾಣುತ್ತವೆ, ಮೇಲಿನವು ಮಸುಕು.' ಈ ಕೊನೆಯದು ಒಂದು ವಾರ ತಲೆಯಲ್ಲಿತ್ತು. ಉರುಳುವ ಚಕ್ರದಲ್ಲಿ ನೆಲ ಮುಟ್ಟುವ ಬಿಂದು ಆ ಕ್ಷಣಕ್ಕೆ ನಿಂತೇ ಇರುತ್ತದೆ, ತುದಿಯ ಬಿಂದು ಸೈಕಲಿನ ಎರಡರಷ್ಟು ವೇಗದಲ್ಲಿ ಓಡುತ್ತದೆ. ನಾನು 14ರಲ್ಲಿ ಹೋಗುವಾಗ ಚಕ್ರದ ನೆತ್ತಿ 28ರಲ್ಲಿ ಹೋಗುತ್ತದೆ, ಬುಡ ಸೊನ್ನೆಯಲ್ಲಿರುತ್ತದೆ. ಮೈದಾನದಲ್ಲಿ ಮಕ್ಕಳು ನನ್ನ ಫೋಟೊ ತೆಗೆದರು. ಚಿತ್ರದಲ್ಲಿ ಕೆಳಗಿನ ಕಡ್ಡಿಗಳು ಸೂಜಿಯಂತೆ ಸ್ಪಷ್ಟವಾಗಿದ್ದವು.

ಮಳೆಯಲ್ಲಿ ಇದ್ಯಾವುದೂ ಇಲ್ಲ. ಮಳೆ ಬಂದರೆ ಇಡೀ ದಾರಿ ಹಗ್ಗ ಹಿಡಿಯುವ ಜಾಗ. ಬಹುದಿನ ಮಳೆಯಿಲ್ಲದೆ ಬಂದ ಮೊದಲ ಮಳೆಯಲ್ಲಿ ಎಣ್ಣೆ, ಧೂಳು ಸೇರಿ ರಸ್ತೆ ಜಾರುತ್ತದೆ. ಬಳಿದ ಬಿಳಿ ಪಟ್ಟೆ, ಕಬ್ಬಿಣದ ಮುಚ್ಚಳಗಳನ್ನು ನೇರವಾಗಿ, ಬ್ರೇಕ್ ಹಿಡಿಯದೆ ದಾಟಬೇಕು.

ನಾಲ್ಕನೆಯ ವರ್ಷ ಅಮ್ಮ ಹೋದರು. ಹದಿನೈದು ದಿನ ಬಿಟ್ಟು ಸೈಕಲ್ ಹತ್ತಿದೆ. ಉದ್ಯಾನದ ರಸ್ತೆಗೆ ಬಂದಾಗ ಎಂದಿನಂತೆ ಮನಸ್ಸನ್ನು ಬಿಟ್ಟೆ. ಅದು ನೇರವಾಗಿ ಆಸ್ಪತ್ರೆಯ ಆ ಕೋಣೆಗೆ ಹೋಯಿತು. ಮರುದಿನವೂ ಅಲ್ಲಿಗೇ. ಮೂರನೆಯ ದಿನ ಕೆರೆಯ ದಂಡೆಯಲ್ಲಿ ಕಣ್ಣು ತುಂಬಿ ದಾರಿ ಕಾಣದೆ ನಿಲ್ಲಿಸಿದೆ. ಮನಸ್ಸನ್ನು ಬಿಡುವುದು ಯಾವಾಗಲೂ ಒಳ್ಳೆಯದು ಎಂದು ನಾನು ಅಲ್ಲಿಯವರೆಗೆ ನಂಬಿದ್ದೆ. ಹಾಗಲ್ಲ. ಕೆಲವು ದಿನಗಳಲ್ಲಿ ಅದಕ್ಕೆ ಇರುವುದು ಒಂದೇ ದಾರಿ, ಒಂದೇ ಬಾಗಿಲು.

ಆ ಕೆಲವು ತಿಂಗಳು ಇಡೀ ಒಂಬತ್ತು ಕಿಲೋಮೀಟರ್ ಹೆಸರಿಸುತ್ತಲೇ ಹೋದೆ. ಕಾರಿನ ಸಾಲಿನಲ್ಲಿ ಜೀವ ಉಳಿಸಿಕೊಳ್ಳಲು ಕಲಿತ ಅಭ್ಯಾಸ ಈಗ ಬೇರೆ ಕೆಲಸಕ್ಕೆ ಬಂತು. 'ಬೆಕ್ಕು. ನೀಲಿ ಬಕೆಟ್. ಒಗೆದ ಬಟ್ಟೆ. ಪಾರಿವಾಳ, ಎರಡು. ಹಳದಿ ಬಾಗಿಲು.' ಅವುಗಳ ಬಗ್ಗೆ ಏನೂ ಯೋಚಿಸಲಿಲ್ಲ, ಇವೆ ಎಂದಷ್ಟೇ ಹೇಳಿದೆ. ಒಂದು ಬೆಳಿಗ್ಗೆ, ಗೋಡೆಗೆ ಒರಗಿಸಿದ್ದ ಏಣಿ ಕಂಡು 'ಏಣಿ' ಎಂದೆ. ಬಾಯಿಂದ ಆ ಮಾತು ಬೀಳುತ್ತಲೇ ಅಮ್ಮ ಅಟ್ಟದ ಏಣಿಯ ಮೂರನೆಯ ಮೆಟ್ಟಿಲಲ್ಲಿ ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೆಳಗೆ ನಿಂತ ನನ್ನ ಕೈಗೆ ಹಳೆಯ ಪುಸ್ತಕಗಳನ್ನು ಕೊಡುತ್ತಿದ್ದದ್ದು ಕಂಡಿತು. ಆಗ ನನಗೆ ಎಂಟೋ ಒಂಬತ್ತೋ. ಅವರು ಯಾವುದಕ್ಕೋ ನಗುತ್ತಿದ್ದರು. ಆಸ್ಪತ್ರೆಗೆ ಮುಂಚಿನ ಅಮ್ಮ ನಾಲ್ಕು ತಿಂಗಳಲ್ಲಿ ಮೊದಲ ಬಾರಿ ನೆನಪಿಗೆ ಬಂದದ್ದು. ಅಂದಿನಿಂದ ಉದ್ಯಾನದ ರಸ್ತೆಯಲ್ಲಿ ಮತ್ತೆ ಹಗ್ಗ ಬಿಚ್ಚುತ್ತಿದ್ದೇನೆ.

ಈ ವರ್ಷ ಮಗಳೂ ಒಂದು ಸೈಕಲ್ ಕೊಂಡಳು. ಅವಳ ಕಾಲೇಜು ಶಾಲೆಯಿಂದ ಸ್ವಲ್ಪ ಮುಂದೆ. ಶನಿವಾರಗಳಲ್ಲಿ ಒಟ್ಟಿಗೆ ಹೊರಡುತ್ತೇವೆ, ಒಬ್ಬರ ಹಿಂದೆ ಒಬ್ಬರು, ಮಾತಿಲ್ಲದೆ. ಶಾಲೆಯ ಗೇಟಿನಲ್ಲಿ ನಿಂತು ಇಬ್ಬರೂ ಕಂಡ ಮೂರು ಮೂರು ಸಂಗತಿ ಹೇಳಬೇಕು ಎಂಬುದು ಅವಳೇ ಮಾಡಿದ ನಿಯಮ. ಮೊದಲ ಶನಿವಾರ ನಾನು ನನ್ನ ಮೂರು ಹೇಳಿದೆ. ಷಟರ್ ತೆಗೆಯುವವರು, ಗೋಡೆಯ ಗಿಡ, ಚಕ್ರದ ಕಡ್ಡಿಗಳ ನೆರಳು. ಅವಳು ಹೇಳಿದ ಮೂರರಲ್ಲಿ ಒಂದನ್ನೂ ನಾನು ಕಂಡಿರಲಿಲ್ಲ.

'ಅದೇ ಷಟರಿನ ಅಂಗಡಿಯ ಮೇಲೆ, ಮೂರನೆಯ ಮಹಡಿಯಲ್ಲಿ, ಕಂಬಿಯ ಒಳಗೆ ಒಂದು ಬಿಳಿ ಬೆಕ್ಕು ಕೂತಿರುತ್ತದೆ. ನೀನು ಹೋಗುವಾಗ ಅದು ನಿನ್ನನ್ನೇ ನೋಡುತ್ತಿತ್ತು, ಅಮ್ಮಾ' ಎಂದಳು. ಆರು ವರ್ಷ ಆ ಅಂಗಡಿಯ ಮುಂದೆ ಹೋಗಿದ್ದೇನೆ, ತಲೆ ಎತ್ತಿರಲಿಲ್ಲ.

ಸೋಮವಾರ ಷಟರಿನ ಮೊದಲ ಶಬ್ದ ಕೇಳಿದಾಗ ವೇಗ ತಗ್ಗಿಸಿ, ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು, ಮೇಲೆ ನೋಡಿದೆ. ಬೆಕ್ಕು ಇತ್ತು.